ನಷ್ಟಕ್ಕೊಂದು ಗಡಿಕಲ್ಲು

ಮುಂಬಯಿಯ ದಲಾಲ್ ಸ್ಟ್ರೀಟಿನಲ್ಲಿ 1995ರವರೆಗೂ ದಲಾಲರು ಕೂಗಿ, ಕೈಸನ್ನೆ ಮಾಡಿ ಷೇರು ಮಾರುತ್ತಿದ್ದರು. ಸಂಬಳದವರಿಗೆ ಅದು ದೂರದ ಮಾತಾಗಿತ್ತು. ಈಗ ಆ ಪೇಟೆಯೇ ಫೋನಿನೊಳಗೆ ಬಂದು ಕುಳಿತಿದೆ. ಲೋಕಲ್ ಗಾಡಿಯಲ್ಲಿ ಒಂದು ಕೈಯಿಂದ ಹಿಡಿಕೆ ಹಿಡಿದು, ಇನ್ನೊಂದರಿಂದ ಷೇರು ಕೊಳ್ಳುವ ಮಹನೀಯರನ್ನು ದಿನವೂ ಕಾಣುತ್ತೇವೆ. ಕೊಳ್ಳುವುದನ್ನು ಎಲ್ಲರೂ ಬಲ್ಲರು. ಬೆಲೆ ಇಳಿದಾಗ ಹೊರಬರುವುದನ್ನು ಬಲ್ಲವರು ಕಡಿಮೆ. ಅದಕ್ಕಾಗಿಯೇ ‘ಸ್ಟಾಪ್ ಲಾಸ್’ ಎಂಬ ಆದೇಶ ಉಂಟು.

200 ರೂಪಾಯಿಗೆ ಒಂದು ಷೇರು ಕೊಂಡಿರೆನ್ನಿ. “190ಕ್ಕೆ ಇಳಿದರೆ ಮಾರಿಬಿಡಿ” ಎಂದು ದಲಾಲರಿಗೆ ಮೊದಲೇ ತಿಳಿಸಿಡುವುದೇ ಈ ಆದೇಶ. ಬೆಲೆ 190 ಮುಟ್ಟುವವರೆಗೆ ಅದು ಸುಮ್ಮನೆ ಮಲಗಿರುತ್ತದೆ. ಮುಟ್ಟಿದೊಡನೆ ಎದ್ದು ಮಾರುವವರ ಸಾಲಿನಲ್ಲಿ ನಿಲ್ಲುತ್ತದೆ. ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತೆನ್ನುತ್ತಾರಲ್ಲ, ಹಾಗೆ.

ಆದೇಶವಿಲ್ಲದವರು ಏನು ಮಾಡುತ್ತಾರೆ? 180 ಆದಾಗ “ಕೊಂಡ ಬೆಲೆ ಬಂದರೆ ಸಾಕು” ಎಂದು ಕಾಯುತ್ತಾರೆ. 150 ಆದಾಗ ಮನೆಯಲ್ಲಿ ಹೇಳುವುದಿಲ್ಲ. 100 ಆದಾಗ ನೋಡುವುದನ್ನೇ ಬಿಡುತ್ತಾರೆ. 190ರಿಂದ 200ಕ್ಕೆ ಮರಳಲು ನೂರಕ್ಕೆ ಐದೂಕಾಲು ಏರಿದರೆ ಸಾಕು. 100ರಿಂದ ಮರಳಬೇಕಾದರೆ ಬೆಲೆ ಇಮ್ಮಡಿಯಾಗಬೇಕು!

ಲೆಕ್ಕವನ್ನು ಮನೆಯ ಗಂಟಿನಿಂದ ತೊಡಗುವುದು ಮೇಲು. ಒಂದು ಲಕ್ಷ ರೂಪಾಯಿಯ ಉಳಿತಾಯದಲ್ಲಿ ಒಂದು ವ್ಯವಹಾರಕ್ಕೆ 1,000 ಹೋದರೂ ತಡೆದೇವು ಎನ್ನುವವರು, ಷೇರೊಂದಕ್ಕೆ 10 ರೂಪಾಯಿ ನಷ್ಟದ ಗಡಿಯಿಟ್ಟರೆ ನೂರು ಷೇರು ಕೊಳ್ಳಬಹುದು, ಹೆಚ್ಚು ಕೂಡದು. ಗಡಿಯನ್ನು ತೀರ ಹತ್ತಿರವಿಟ್ಟರೂ ಕಷ್ಟ. ದಿನವೂ ಐದಾರು ರೂಪಾಯಿ ಓಲಾಡುವ ಷೇರಿಗೆ 198ರಲ್ಲಿ ಗಡಿಯಿಟ್ಟರೆ ಮಧ್ಯಾಹ್ನದೊಳಗೆ ಮಾರಿಹೋಗಿರುತ್ತದೆ. ಇಟ್ಟ ಮೇಲೆ, ಬೆಲೆ ಇಳಿದಂತೆಲ್ಲ ಗಡಿಯನ್ನೂ ಕೆಳಗೆ ಸರಿಸುವವರುಂಟು. ಅಂಥವರು ಆದೇಶ ಕೊಡದಿದ್ದರೂ ನಡೆಯುತ್ತಿತ್ತು.

ಫ್ಯೂಚರ್ಸ್, ಆಪ್ಷನ್ಸ್‌ಗಳಲ್ಲಿ ಕೈಯಾಡಿಸಿದ ಸಾಮಾನ್ಯ ಜನರ ಪೈಕಿ ನೂರಕ್ಕೆ 93 ಮಂದಿ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಹಣ ಕಳೆದುಕೊಂಡರೆಂದು ಸೆಬಿ 2024ರಲ್ಲಿ ತಿಳಿಸಿತು. ನಮ್ಮಂಥ ಗುಮಾಸ್ತರಿಗೆ ಇನ್ನೊಂದು ಗಡಿಯೂ ಉಂಟು: ಕೇಂದ್ರ ಸರಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 16ನೆಯದು. ಎಂದಾದರೊಮ್ಮೆ ಹಣ ಹೂಡಿದರೆ ತಪ್ಪಿಲ್ಲ. ಪದೇಪದೇ ಕೊಂಡು ಮಾರಿದರೆ ಅದು ಸಟ್ಟಾ ಎಂದೇ ಅದರ ಅರ್ಥ. ಸ್ಟಾಪ್ ಲಾಸ್ ಮೆಮೋವನ್ನು ತಡೆಯದು.

ಈ ಆದೇಶ ಬೆಲೆಗೆ ಜಾಮೀನೂ ಅಲ್ಲ. “ಸಿಕ್ಕ ಬೆಲೆಗೆ ಮಾರಿ” ಎಂದರೆ 190ಕ್ಕೆ ಬದಲು 184 ಸಿಗಬಹುದು. “188ಕ್ಕಿಂತ ಕಡಿಮೆಗೆ ಬೇಡ” ಎಂದರೆ ಬೆಲೆ ಅದನ್ನು ದಾಟಿ ಹಾರಿಹೋಗಿ, ಷೇರು ಕೈಯಲ್ಲೇ ಉಳಿಯಬಹುದು. 2009ರ ಜನವರಿ 7ರಂದು ಸತ್ಯಂ ಕಂಪನಿಯ ರಾಮಲಿಂಗ ರಾಜು ತಮ್ಮ ಸುಳ್ಳು ಲೆಕ್ಕವನ್ನು ಒಪ್ಪಿಕೊಂಡಾಗ, ಸುಮಾರು 179 ರೂಪಾಯಿಯ ಷೇರು ಒಂದೇ ದಿನದಲ್ಲಿ 40ರ ಸಮೀಪಕ್ಕೆ ಬಿತ್ತು. ಅಂಥ ದಿನ 170ರ ಗಡಿ 170 ತಂದುಕೊಡುವುದಿಲ್ಲ.

ಸಾಮಾನ್ಯ ಸ್ಟಾಪ್ ಲಾಸ್ ಆಯಾ ದಿನಕ್ಕಷ್ಟೇ ಜೀವಂತ. ಸಂಜೆ ಮೂರೂವರೆಗೆ ಪೇಟೆ ಮುಚ್ಚಿದಾಗ ಅದೂ ಮುಗಿಯಿತು. ಮರುದಿನ ಬೆಳಿಗ್ಗೆ ಒಂಬತ್ತೂಕಾಲಿಗೆ ಮತ್ತೆ ಕೊಡಬೇಕು. ಹಲವು ದಿನ ನಿಲ್ಲುವ ಸೌಕರ್ಯವನ್ನು ಕೆಲವು ದಲಾಲರು ಒದಗಿಸುತ್ತಾರೆ, ಕೇಳಿ ನೋಡಿರಿ.