ರೊಟ್ಟಿ ಬಡಿಯುವ ಕೈಗೆ ಮರುಪಾಠ

ಏನು ಮಾಡಲಿಕ್ಕೆ ಬಂದರೆ ನಿಮಗೆ ಸಮಾಧಾನ ಎಂದು ಫಿಸಿಯೋಥೆರಪಿಸ್ಟ್ ಮೊದಲ ದಿನವೇ ಕೇಳಿದ್ದರು. ಕಮಲಾಪುರದಿಂದ ಬಂದಿದ್ದ ಅಜ್ಜಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಸೋತಿದ್ದವು. "ನಡಿಲಿಕ್ಕ ಬರದಿದ್ರೂ ನಡೀತದ, ರೊಟ್ಟಿ ಬಡಿಲಿಕ್ಕ ಬರಬೇಕ್ರಿ" ಅಂದರಂತೆ.

ಈ ಮಾತಿನ ಬೆನ್ನುಹತ್ತಿಯೇ ನಾನು ಕಲಬುರಗಿಯ ಆಸ್ಪತ್ರೆಯೊಂದರ ಫಿಸಿಯೋಥೆರಪಿ ಕೋಣೆಗೆ ಬಂದೆ. ಹಿಡಿದು ನಡೆಯುವ ಜೋಡಿ ಸರಳು, ಆಳೆತ್ತರದ ಕನ್ನಡಿ, ಗೋಡೆಗೆ ಬಿಗಿದ ಭುಜದ ಚಕ್ರ ಎಲ್ಲ ಇವೆ. ಅಜ್ಜಿಯ ಮುಂದೆ ಮಾತ್ರ ಒಂದು ಪರಾತ, ಜೋಳದ ಹಿಟ್ಟು.

ಹಿಟ್ಟು ನಾದಬೇಕೆಂದರೆ ಅಂಗೈ ಬಿಚ್ಚಬೇಕು, ಮೊಣಕೈ ನೀಳವಾಗಬೇಕು, ಮೈಭಾರ ಭುಜದಿಂದ ಅಂಗೈಗೆ ಇಳಿಯಬೇಕು. ಲಕ್ವಾ ಹೊಡೆದ ಕೈ ಮಾಡುವುದು ಇದಕ್ಕೆ ತದ್ವಿರುದ್ಧ. ಮೊದಲು ಜೋಲುಬೀಳುತ್ತದೆ, ದಿನ ಕಳೆದಂತೆ ಅನೇಕರಲ್ಲಿ ಬಿಗಿದು, ಮೊಣಕೈ ಮಡಚಿ, ಮುಷ್ಟಿ ಕಟ್ಟಿಕೊಳ್ಳುತ್ತದೆ. ಸೋತ ಕೈಗೆ ಬಿಸಿಯೂ ತಿಳಿಯದಿರಬಹುದು. ಅದಕ್ಕೇ ಇಲ್ಲಿ ಕುದಿಯುವ ಎಸರು ಇಲ್ಲ, ಉಗುರುಬೆಚ್ಚಗಿನ ನೀರು. ಮೊದಮೊದಲು ಎಡಗೈಯ ಮೇಲೆ ಬಲಗೈ ಇಟ್ಟು ಒತ್ತಿಸಿದರು. ಬಡಿಯುವ ಹಂತಕ್ಕೆ ಬಂದಾಗ ಬಲಗೈ ಬಡಿಯುತ್ತಿದ್ದಂತೆ ಎಡಗೈ ಅಂಚು ಕಾಯುತ್ತ ರೊಟ್ಟಿ ತಿರುಗಿಸಬೇಕು. ಬಲಗೈಯೊಂದೇ ಎಲ್ಲ ಮುಗಿಸಲು ಹೊರಟರೆ ಜೋಳದ ರೊಟ್ಟಿಯ ಅಂಚು ಸೀಳುತ್ತದೆ. ತಪ್ಪಿದ್ದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ, ಐವತ್ತು ವರ್ಷ ರೊಟ್ಟಿ ಬಡಿದ ಹೆಂಗಸಿಗೆ ಕಣ್ಣಿಗೇ ಕಾಣುತ್ತದೆ.

ಇಷ್ಟಾದರೂ ಕೈಗಿಂತ ಮೊದಲು ಮೈ ನಿಲ್ಲಬೇಕು. ನಾವು ನಿಂತು ಕೈ ಎತ್ತುವಾಗ, ಕೈ ಅಲುಗುವುದಕ್ಕೆ ತುಸು ಮುಂಚೆಯೇ ಕಾಲು, ಸೊಂಟದ ಸ್ನಾಯುಗಳು ಬಿಗಿದು ಮೈಯನ್ನು ಹಿಡಿದಿಟ್ಟಿರುತ್ತವೆ. ಮಿದುಳಿನ ಈ ಮುಂಗಡ ಸಿದ್ಧತೆಯನ್ನೂ ಲಕ್ವಾ ಕೆಡಿಸುತ್ತದೆ. ಡಬ್ಬಿಗೆ ಕೈ ಚಾಚಿದರೆ ಮೈಯೇ ವಾಲುತ್ತದೆ. ಹಾಗಾಗಿ ಕೂತು ನಾದಿದ್ದಾದ ಮೇಲೆ ಪರಾತ ಮೇಜಿಗೇರಿತು. ಈಗ ಸೋತ ಕಾಲಿಗೂ ಭಾರ ಕೊಟ್ಟು, ನಿಂತೇ ನಾದಬೇಕು. ಸುಧಾರಣೆ ಅಳೆಯಲು ಬರ್ಗ್ ಮಾಪಕವಿದೆ: ಕೂತಲ್ಲಿಂದ ಏಳುವುದು, ಮುಂದೆ ಚಾಚುವುದು, ಹೊರಳಿ ಹಿಂದೆ ನೋಡುವುದು ಹೀಗೆ 14 ಪರೀಕ್ಷೆ, 56 ಅಂಕ. ಮನೆಯವರಿಗೆ ಇಲ್ಲಿ ಖಡಕ್ಕಾಗಿ ಹೇಳುವುದು ಒಂದೇ, ಸೋತ ಕೈ ಹಿಡಿದು ಜಗ್ಗಿ ಎಬ್ಬಿಸಬೇಡಿ, ಭುಜದ ಕೀಲು ಜಾರುತ್ತದೆ.

ಬೇರೆ ವಿಧಾನಗಳೂ ಇವೆ. ಬೆರಳು ತುಸುವಾದರೂ ಆಡುವವರಿಗೆ ಗಟ್ಟಿ ಕೈಯನ್ನು ಕೈಗವುಸಿನಲ್ಲಿ ಕಟ್ಟಿಹಾಕಿ ಸೋತ ಕೈಯಿಂದಲೇ ದುಡಿಸುತ್ತಾರೆ. 222 ಮಂದಿಯ ಮೇಲೆ ಎರಡು ವಾರ ಹೀಗೆ ಮಾಡಿಸಿದ ಅಮೆರಿಕದ ಅಧ್ಯಯನ 2006ರಲ್ಲಿ ಒಳ್ಳೆಯ ಫಲ ತೋರಿಸಿತು. ಗಟ್ಟಿ ಕೈಯ ಬಿಂಬ ತೋರಿಸಿ ಸೋತ ಕೈ ಆಡಿಸುವ ಕನ್ನಡಿ ಚಿಕಿತ್ಸೆಯ ಮೂಲ, ಚೆನ್ನೈಯಲ್ಲಿ ವೈದ್ಯಕೀಯ ಓದಿದ ವಿ.ಎಸ್. ರಾಮಚಂದ್ರನ್ ಅವರದು.

ವಿಧಾನಗಳಿದ್ದರೆ ಸಾಲದು, ಅವು ಜನರ ಹತ್ತಿರ ಬರಬೇಕು. ಕಲಬುರಗಿಗೆ ವೈದ್ಯಕೀಯ ಕಾಲೇಜು ಬಂದದ್ದು 1963ರಲ್ಲಿ, ಮಹಾದೇವಪ್ಪ ರಾಂಪುರೆಯವರು ಕಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯಿಂದ. ಅದಕ್ಕೂ ಮೊದಲು ದೊಡ್ಡ ಬೇನೆ ಬಂದರೆ ಸೊಲ್ಲಾಪುರ, ಇಲ್ಲವೇ ಹೈದರಾಬಾದು ಎಂದು ಹಿರಿಯರೊಬ್ಬರು ನೆನೆಸಿಕೊಂಡರು. ಈಗ ಸರ್ಕಾರಿ ಕಾಲೇಜೂ ಇದೆ, ಇಎಸ್‌ಐ ಆಸ್ಪತ್ರೆಯೂ ಇದೆ. ಜೀವ ಉಳಿಸುವ ವ್ಯವಸ್ಥೆ ಹತ್ತಿರ ಬಂತು. ಉಳಿದ ಜೀವ ಮತ್ತೆ ದುಡಿಯುವಂತೆ ಮಾಡುವ ವ್ಯವಸ್ಥೆ ಹಳ್ಳಿಯವರಿಗೆ ಈಗಲೂ ದೂರ.

ಅಜ್ಜಿಗೂ ಜೊತೆಗೆ ಬರುವ ಸೊಸೆಗೂ 2023ರಿಂದ ಹೆಂಗಸರ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ. ಆದರೂ ಬಂದ ದಿನವೆಲ್ಲ ಸೊಸೆಯ ಕೂಲಿ ಹೋಗುತ್ತದೆ. ಕಮಲಾಪುರದ ಕೆಂಪು ಬಾಳೆ ತೋಟಗಳಲ್ಲಿ ಗೊನೆ ಹೊತ್ತ ಗಂಡಸರು ಲಕ್ವಾಕ್ಕೆ ಬಿದ್ದರೆ ಟಿಕೆಟ್ಟಿನ ಖರ್ಚೂ ಸೇರುತ್ತದೆ. ಚೇತರಿಕೆ ಬಿರುಸಾಗಿರುವುದು ಮೊದಲ ಮೂರು ತಿಂಗಳು. ಬರುವುದು ತಪ್ಪುವುದೂ ಆ ದಿನಗಳಲ್ಲೇ. ಮನೆಯಲ್ಲೇ ಮಾಡಿಸಿ ಎಂದು ಚೀಟಿ ಬರೆದುಕೊಟ್ಟು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳ ಅಧ್ಯಯನವೊಂದು ಅದನ್ನೇ ಪರೀಕ್ಷಿಸಿತ್ತು. ಮನೆಯವರಿಗೆ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿದರೂ ಎಂದಿನ ಆರೈಕೆಗಿಂತ ಹೆಚ್ಚಿನ ಫಲ ಸಿಗಲಿಲ್ಲ ಎಂಬ ವರದಿ 2017ರಲ್ಲಿ ಬಂತು. ಮನೆಯವರ ಅಕ್ಕರೆಯ ಜೊತೆಗೆ ಕಲಿತವರ ಕೈ ಬೇಕು, ವಾರವಾರವೂ ಬೇಕು.

ಅದಕ್ಕೆ ದೊಡ್ಡ ಕಟ್ಟಡ ಬೇಡ. ತಾಲ್ಲೂಕಿನ ಊರಲ್ಲಿ ಒಂದು ಬೆಂಚು, ಒಂದು ಕನ್ನಡಿ, ಗೋಡೆಗೊಂದು ಸರಳು, ವಾರಕ್ಕೆ ಎರಡು ದಿನವಾದರೂ ತಪ್ಪದೆ ಕೂರುವ ಒಬ್ಬ ಫಿಸಿಯೋಥೆರಪಿಸ್ಟ್ ಸಿಕ್ಕರೆ, ಚಿಕಿತ್ಸೆ ನಡುವೆ ಬಿಟ್ಟ ಗೊನೆ ಹೊರುವವರಲ್ಲಿ ಕೆಲವರಾದರೂ ತಿರುಗಿ ಬಂದಾರು.