ಮನೆಯ ವೇಳಾಪಟ್ಟಿಗೆ ಹೊಂದುವ ನಾಯಿ

ಹೈದರಾಬಾದಿನ ಮಣಿಕೊಂಡದಲ್ಲಿ ಕನ್ನಡ ಮಾತಾಡುವ ಮನೆಗಳು ಕಡಿಮೆಯೇನಿಲ್ಲ. ಬೀದರ್, ಕಲಬುರಗಿ, ರಾಯಚೂರು ಕಡೆಯವರಿದ್ದಾರೆ, ಬೆಂಗಳೂರಿನಿಂದ ವರ್ಗವಾಗಿ ಬಂದವರೂ ಇದ್ದಾರೆ. ಹೆಚ್ಚಿನ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರಿಗೂ ಗಚ್ಚಿಬೌಲಿಯಲ್ಲೋ ಫೈನಾನ್ಶಿಯಲ್ ಡಿಸ್ಟ್ರಿಕ್ಟ್‌ನಲ್ಲೋ ಕೆಲಸ. ನಾನು ಸಂಜೆ ನಾಯಿಯನ್ನು ಕರಕೊಂಡು ಕೆಳಗಿಳಿದಾಗ ಇವರಲ್ಲಿ ಯಾರಾದರೊಬ್ಬರು ನಿಲ್ಲಿಸಿ ಕೇಳುತ್ತಾರೆ: “ನಾವೂ ಒಂದು ರೆಸ್ಕ್ಯೂ ನಾಯಿ ತರಬೇಕು ಅಂತಿದೀವಿ. ಆದ್ರೆ ಬೆಳಗ್ಗೆ ಹೋದ್ರೆ ಸಂಜೆನೇ ಬರೋದು. ಆಗುತ್ತಾ?”

ಆಗುತ್ತದೆ. ಆದರೆ ಯಾವ ನಾಯಿಯಾದರೂ ಆಗುತ್ತದೆ ಅಂತಲ್ಲ.

ರೆಸ್ಕ್ಯೂ ನಾಯಿ ಅಂದರೆ ಕಷ್ಟದಿಂದ ಪಾರುಮಾಡಿ ತಂದ ನಾಯಿ. ಅದು ಬೀದಿಯದೇ ಆಗಿರಬೇಕಿಲ್ಲ. ಊರು ಬಿಡುವಾಗ ಯಜಮಾನರು ಕೈಬಿಟ್ಟ ಲ್ಯಾಬ್ರಡಾರ್ ಇರಬಹುದು. ಮರಿ ಹಾಕಿಸಿ ಮಾರುವವರು ಇನ್ನು ಲಾಭವಿಲ್ಲವೆಂದು ಹೊರಗಟ್ಟಿದ ಹೆಣ್ಣುನಾಯಿ ಇರಬಹುದು. ರಸ್ತೆಯಲ್ಲಿ ಗಾಯಗೊಂಡವು, ತಾಯಿ ಸತ್ತ ಮರಿಗಳೂ ಇದರಲ್ಲಿ ಸೇರುತ್ತವೆ. 2022ರಲ್ಲಿ ಬಂದ ಕಿರಣ್‌ರಾಜ್ ಅವರ ‘777 ಚಾರ್ಲಿ’ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಚಿತ್ರ ನೋಡಿ ಲ್ಯಾಬ್ರಡಾರೇ ಬೇಕು ಅಂದವರನ್ನೂ ನಾನು ಕಂಡಿದ್ದೇನೆ. ಅವರಿಗೆ ನಾನು ಹೇಳುವುದು ಇಷ್ಟೇ: ಜಾತಿ ಆಮೇಲೆ ನೋಡೋಣ, ಮೊದಲು ನಿಮ್ಮ ಮನೆಯ ವೇಳಾಪಟ್ಟಿ ನೋಡೋಣ.

ಒಂದು ಹಾಳೆ ತೆಗೆದುಕೊಳ್ಳಿ. ಸೋಮವಾರದಿಂದ ಭಾನುವಾರದವರೆಗೆ ಮನೆಗೆ ಬೀಗ ಬೀಳುವ ಹೊತ್ತು, ಬೀಗ ತೆಗೆಯುವ ಹೊತ್ತು ಬರೆಯಿರಿ. ಸಂಜೆಯ ಟ್ರಾಫಿಕ್ ಸೇರಿಸಿಯೇ ಬರೆಯಿರಿ. ಇದರಲ್ಲಿ ಸರಾಸರಿ ಲೆಕ್ಕಕ್ಕೆ ಬರುವುದಿಲ್ಲ. ಮನೆ ಒಂದೇ ಸಮನೆ ಖಾಲಿ ಇರುವ ಅತಿ ದೀರ್ಘ ಅವಧಿ ಎಷ್ಟು ಎಂಬುದೇ ಮುಖ್ಯ. ಆರೋಗ್ಯವಾಗಿರುವ ದೊಡ್ಡ ನಾಯಿ ಆರರಿಂದ ಎಂಟು ಗಂಟೆ ಮೂತ್ರ ತಡೆದುಕೊಳ್ಳಬಲ್ಲದು. ಅದಕ್ಕಿಂತ ಹೆಚ್ಚಾದರೆ ನಡುವೆ ಯಾರಾದರೂ ಬಂದು ಹೊರಗೆ ಕರೆದೊಯ್ಯಲೇಬೇಕು. ಹಾಗೆ ಬಂದು ನಾಯಿಯನ್ನು ಸುತ್ತಾಡಿಸಿಕೊಂಡು ಬರುವವರನ್ನು ಡಾಗ್ ವಾಕರ್ ಅನ್ನುತ್ತಾರೆ. ಹಾಳೆಯಲ್ಲಿ ಹತ್ತು ಗಂಟೆ ಕಂಡರೆ, ವಾಕರ್ ಗೊತ್ತಾದ ಮೇಲೆಯೇ ನಾಯಿ ಹುಡುಕಲು ಹೊರಡಿ.

ಮರಿಯ ಲೆಕ್ಕವೇ ಬೇರೆ. ಎಷ್ಟು ತಿಂಗಳ ಮರಿಯೋ ಹೆಚ್ಚುಕಡಿಮೆ ಅಷ್ಟು ಗಂಟೆ ತಡೆದುಕೊಳ್ಳುತ್ತದೆ. ಎರಡು ತಿಂಗಳ ಮರಿಯನ್ನು ಹದಿನೈದನೇ ಮಹಡಿಯ ಫ್ಲ್ಯಾಟಿನಲ್ಲಿ ಬಿಟ್ಟು ಒಂಬತ್ತಕ್ಕೆ ಹೊರಟರೆ ಹನ್ನೊಂದರ ಹೊತ್ತಿಗೇ ಅದಕ್ಕೆ ಪರದಾಟ. ಲಸಿಕೆಗಳೆಲ್ಲ ಮುಗಿಯಲು ಸುಮಾರು ನಾಲ್ಕು ತಿಂಗಳು ತುಂಬಬೇಕು. ಅಲ್ಲಿಯವರೆಗೆ ಬೇರೆ ನಾಯಿಗಳು ಓಡಾಡುವ ನೆಲದ ಮೇಲೆ ಮರಿಯನ್ನು ಬಿಡುವಂತಿಲ್ಲ, ಪಾರ್ವೊ ಎಂಬ ಮಾರಕ ವಾಂತಿಭೇದಿ ಅಂಟುವ ಭಯ. ಹಗಲೆಲ್ಲ ಅಜ್ಜಿಯೋ ತಾತನೋ ಮನೆಯಲ್ಲಿದ್ದು, ಅವರಿಗೂ ಇದು ಇಷ್ಟವಿದ್ದರೆ ಮರಿ ತನ್ನಿ. ಇಬ್ಬರೂ ಆಫೀಸಿಗೆ ಹೋಗುವ ಮನೆಗೆ ಬೇಡ. ಮರಿಯ ಮುಖ ನೋಡಿದರೆ ಮನಸ್ಸು ಕರಗುತ್ತದೆ, ನಿಜ. ಕರಗಿದರೂ ಬೇಡ.

ದುಡಿಯುವ ಮನೆಗೆ ಎರಡು ವರ್ಷ ದಾಟಿದ ನಾಯಿ ಹೇಳಿ ಮಾಡಿಸಿದ್ದು. ಅದರ ಸ್ವಭಾವ ಆಗಲೇ ಗಟ್ಟಿಯಾಗಿರುತ್ತದೆ. ಗದ್ದಲ ಇಷ್ಟವೋ ಮೌನ ಇಷ್ಟವೋ, ಮಕ್ಕಳ ಹತ್ತಿರ ಹೇಗಿರುತ್ತದೆ ಎಂಬುದನ್ನೆಲ್ಲ ನೋಡಿಕೊಂಡವರು ಹೇಳಬಲ್ಲರು. ದೊಡ್ಡ ನಾಯಿಗಳು ದಿನದ ಅರ್ಧ ಭಾಗ ನಿದ್ದೆಯಲ್ಲೇ ಕಳೆಯುತ್ತವೆ. ಬೆಳಗ್ಗೆ ಚೆನ್ನಾಗಿ ನಡೆದು ಬಂದಿದ್ದರೆ ನೀವು ಮೀಟಿಂಗ್‌ನಲ್ಲಿರುವ ಹೊತ್ತು ಅವು ಮಲಗಿರುತ್ತವೆ.

“ಬೆಳೆದ ನಾಯಿ ನಮ್ಮನ್ನು ಹಚ್ಚಿಕೊಳ್ಳುತ್ತಾ?” ಎಂಬ ಅನುಮಾನ ಎಲ್ಲರಿಗೂ ಇರುತ್ತದೆ. ನಮ್ಮ ಚುಕ್ಕಿ ಬಂದಾಗ ಅವಳಿಗೆ ಐದು ವರ್ಷ. ಅಪಘಾತದಲ್ಲಿ ಒಂದು ಹಿಂಗಾಲು ಹೋಗಿತ್ತು. “ಬಾ” ಅಂದರೆ ತಿರುಗಿಯೂ ನೋಡುತ್ತಿರಲಿಲ್ಲ. ಹೈದರಾಬಾದಿನಲ್ಲೇ ಬೆಳೆದವಳು, ತೆಲುಗಿನಲ್ಲಿ “ರಾ” ಅಂದರೆ ಮಾತ್ರ ಓಡಿ ಬರುತ್ತಿದ್ದಳು. ನಾವು “ರಾ” ಅನ್ನುತ್ತಲೇ ಕೈಬೀಸಿ “ಬಾ” ಸೇರಿಸಿದೆವು. ಒಂದು ತಿಂಗಳಲ್ಲಿ ಕನ್ನಡ ಕಲಿತಳು. ಮೂರು ಕಾಲಿನ ನಾಯಿ, ಒಂದು ಕಣ್ಣಿಲ್ಲದ ನಾಯಿ ಎಂದು ಜನ ಹಿಂಜರಿಯುತ್ತಾರೆ. ಅವು ಸಾಮಾನ್ಯವಾಗಿ ಮನೆಯೊಳಗೆ ಸಲೀಸಾಗಿ ಓಡಾಡಿಕೊಂಡಿರುತ್ತವೆ, ದಯವಿಟ್ಟು ಅವುಗಳನ್ನೂ ಒಮ್ಮೆ ನೋಡಿ.

ಈಗ ಜಾತಿಯ ಮಾತು. ಮೈತುಂಬ ಎರಡು ಪದರದ ಕೂದಲಿರುವ ಹಸ್ಕಿ ಹಿಮದ ನಾಡಿನದು. ಮೇ ತಿಂಗಳ ನಲವತ್ತು ಡಿಗ್ರಿಯಲ್ಲಿ, ಕರೆಂಟ್ ಹೋದ ಮನೆಯಲ್ಲಿ ಅದನ್ನು ಒಂಟಿಯಾಗಿ ಬಿಡುವುದು ಹಿಂಸೆ. ಬೀಗಲ್‌ ಬೇಸರವಾದರೆ ಊಳಿಡುತ್ತದೆ, ಪಕ್ಕದ ಫ್ಲ್ಯಾಟಿನವರು ಬಾಗಿಲು ತಟ್ಟುತ್ತಾರೆ. ನಮ್ಮ ಬಾಗಲಕೋಟೆ ಸೀಮೆಯ ಮುಧೋಳ ನಾಯಿ ಮನೆಯೊಳಗೆ ಶಾಂತ, ಆದರೆ ಅದು ಓಟದ ನಾಯಿ. ದಿನವೂ ಅದಕ್ಕೆ ಓಡುವ ಜಾಗ ಬೇಕು. ಕೊಂಡಾಪುರದಲ್ಲಿ 2018ರಿಂದ ನಗರಪಾಲಿಕೆಯ ಡಾಗ್ ಪಾರ್ಕ್ ಇದೆ. ಅಲ್ಲಿಗೆ ದಿನವೂ ಹೋಗಿಬರುವಷ್ಟು ಬಿಡುವಿದ್ದರೆ ಮುಧೋಳ ನಾಯಿಯ ಯೋಚನೆ ಮಾಡಿ. ನನ್ನ ಆಯ್ಕೆ ಇಂಡಿ, ಅಂದರೆ ನಮ್ಮ ಬೀದಿಗಳಲ್ಲಿ ಕಾಣುವ ನಾಡುನಾಯಿ. ಗಿಡ್ಡ ಕೂದಲು, ಈ ಬಿಸಿಲಿಗೆ ಒಗ್ಗಿದ ಮೈ.

ಹಾಗಂತ ನಿಮ್ಮ ಗೇಟಿನ ಮುಂದೆ ಆರಾಮಾಗಿರುವ, ಎಲ್ಲರ ಕೈಯಲ್ಲೂ ತಿನ್ನುವ ನಾಯಿಯನ್ನು ಎತ್ತಿಕೊಂಡು ಬಂದು ಫ್ಲ್ಯಾಟಿನಲ್ಲಿ ಕೂಡಿಹಾಕಬೇಡಿ. ಬೀದಿಯೇ ಮನೆಯಾದ ದೊಡ್ಡ ನಾಯಿಗೆ ನಾಲ್ಕು ಗೋಡೆ ಶಿಕ್ಷೆಯಾಗಬಹುದು. ಕಾನೂನಿನ ಮಾತೂ ಇದೆ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಬೀದಿನಾಯಿಯನ್ನು ದತ್ತು ಪಡೆಯಲು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬಹುದು ಎಂದಿದೆ. ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಪಡೆದವರ ಹೊಣೆ ಎಂದೂ ಹೇಳಿದೆ.

ಎಲ್ಲಿ ಸಿಗುತ್ತವೆ? ನಟಿ ಅಮಲಾ ಅಕ್ಕಿನೇನಿ 1992ರಲ್ಲಿ ಕಟ್ಟಿದ ಪ್ರಾಣಿ ರಕ್ಷಣಾ ಸಂಸ್ಥೆ ಬ್ಲೂ ಕ್ರಾಸ್ ಜೂಬಿಲಿ ಹಿಲ್ಸ್‌ನಲ್ಲಿದೆ, ಮಣಿಕೊಂಡದಿಂದ ದೂರವಲ್ಲ. ಹೈದರಾಬಾದ್ ನಗರಪಾಲಿಕೆ ಇಂಡಿ ಮರಿಗಳ ದತ್ತು ಶಿಬಿರಗಳನ್ನು ನಡೆಸಿದೆ. ಬೆಂಗಳೂರಿನಲ್ಲಿರುವ ನೆಂಟರು ಕೇಳಿದರೆ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾ ಸಂಸ್ಥೆಯ ಹೆಸರು ಹೇಳಿ.

ಆಶ್ರಯಧಾಮಕ್ಕೆ ಒಂದೇ ಸಲ ಹೋಗಿ ನಾಯಿ ತರಬೇಡಿ. ಎರಡು ಸಲವಾದರೂ ಹೋಗಿ, ಬೇರೆ ಬೇರೆ ಹೊತ್ತಿನಲ್ಲಿ. ಗೂಡಿನೊಳಗೆ ಐವತ್ತು ನಾಯಿಗಳ ಬೊಗಳಾಟದ ನಡುವೆ ಕಾಣುವುದು ಅದರ ನಿಜವಾದ ಸ್ವಭಾವವಲ್ಲ. ಹೊರಗೆ ಕರೆದೊಯ್ಯಲು ಅನುಮತಿ ಕೇಳಿ. ಹತ್ತು ನಿಮಿಷ ಸುಮ್ಮನೆ ಪಕ್ಕದಲ್ಲಿ ಕೂತುಕೊಳ್ಳಿ, ಅದಾಗಿಯೇ ಹತ್ತಿರ ಬರುತ್ತದೆಯೇ ನೋಡಿ. ಆಮೇಲೆ ದಿನವೂ ಅದಕ್ಕೆ ಊಟ ಹಾಕುವವರನ್ನು ಹುಡುಕಿ ಮಾತಾಡಿಸಿ. ಕಚೇರಿಯ ಫಾರಂಗಿಂತ ಹೆಚ್ಚು ವಿಷಯ ಅವರಿಗೆ ಗೊತ್ತಿರುತ್ತದೆ. ಒಂಟಿಯಾಗಿ ಬಿಟ್ಟರೆ ಕೂಗುತ್ತದೆಯೇ? ಹೊಸಬರು ಬಂದರೆ ಏನು ಮಾಡುತ್ತದೆ? (ನಿಮ್ಮ ಮನೆಗೆಲಸದವರು ನೀವಿಲ್ಲದಾಗ ಬಾಗಿಲು ತೆಗೆಯಬೇಕಲ್ಲ.) ತಟ್ಟೆಯ ಹತ್ತಿರ ಕೈ ಹೋದರೆ ಗುರ್ರೆನ್ನುತ್ತದೆಯೇ? ಲಿಫ್ಟ್ ಹತ್ತಿದೆಯೇ?

ಕೊನೆಯ ಪ್ರಶ್ನೆ ಮಣಿಕೊಂಡದ ಎತ್ತರದ ಕಟ್ಟಡಗಳಿಗಾಗಿ. ನಡುಗುವ ಪೆಟ್ಟಿಗೆಯೊಳಗೆ ಹೋಗುವುದು ಬೀದಿಯಲ್ಲಿ ಬೆಳೆದ ನಾಯಿಗೆ ಭಯಂಕರ. ಎಳೆಯಬೇಡಿ. ಬಾಗಿಲು ತೆರೆದಿಟ್ಟು ಒಳಗೆ ಒಂದು ತುಂಡು ಮೊಟ್ಟೆ ಇಡಿ. ಮೊದಲ ದಿನ ಒಳಗೆ ಹೋಗಿ ಬಂದರೆ ಸಾಕು. ಆಮೇಲೆ ಒಂದೊಂದೇ ಮಹಡಿ. ಚುಕ್ಕಿಗೆ ಇದು ಒಗ್ಗಲು ಒಂಬತ್ತು ದಿನ ಹಿಡಿಯಿತು, ಅಷ್ಟು ದಿನವೂ ಮೆಟ್ಟಿಲ ಮೇಲೆ ಅವಳನ್ನು ಎತ್ತಿಕೊಂಡೇ ಇಳಿದೆವು.

ದತ್ತು ಕೊಡುವವರು ಗುರುತಿನ ಚೀಟಿ ಕೇಳುತ್ತಾರೆ, ಮನೆ ನೋಡಲು ಬರುತ್ತಾರೆ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುತ್ತೇವೆಂದು ಬರೆಸಿಕೊಳ್ಳುತ್ತಾರೆ. ಬೇಸರಿಸಬೇಡಿ, ಇವೆಲ್ಲ ನಾಯಿ ಮತ್ತೆ ಬೀದಿಪಾಲಾಗದಿರಲಿ ಎಂದು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಅಪಾರ್ಟ್‌ಮೆಂಟ್ ಸಂಘದವರು ಬೇಡ ಅಂದರೆ? ಬಹುಮತದ ನಿರ್ಣಯ ಮಾಡಿದರೂ ಸಂಘ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ನಾಯಿ ಮಾಡಿದ ಗಲೀಜು ತೆಗೆಯುವ ಕೆಲಸ ಮಾತ್ರ ನಿಮ್ಮದು. ಮನಸ್ಸು ತೂಗಾಡುತ್ತಿದ್ದರೆ ‘ಫಾಸ್ಟರ್’ ಆಗಿ, ಅಂದರೆ ಕೆಲವು ವಾರಗಳ ಮಟ್ಟಿಗೆ ಮಾತ್ರ ನಾಯಿಯನ್ನು ಮನೆಯಲ್ಲಿಟ್ಟುಕೊಳ್ಳಿ. ನಿಮ್ಮ ವೇಳಾಪಟ್ಟಿಗೆ ಅದು ಹೊಂದುತ್ತದೆಯೇ ಎಂಬುದು ಆಗ ಗೊತ್ತಾಗುತ್ತದೆ.

ಖರ್ಚಿನ ವಿಷಯ. ಹದಿನೈದು ಕಿಲೋ ತೂಕದ ಇಂಡಿಯ ಊಟಕ್ಕೆ ನಮ್ಮ ಮನೆಯಲ್ಲಿ ತಿಂಗಳಿಗೆ ಎರಡೂವರೆಯಿಂದ ಮೂರು ಸಾವಿರ ರೂಪಾಯಿ ಆಗುತ್ತದೆ. ವಾಕರ್ ಬೇಕಾದರೆ ಹೆಚ್ಚುಕಡಿಮೆ ಅಷ್ಟೇ ಮೊತ್ತ ಮತ್ತೆ ಸೇರಿಸಿ. ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ, ಡಿಸ್ಟೆಂಪರ್ ಮತ್ತು ಪಾರ್ವೊ ರೋಗಗಳ ಲಸಿಕೆ, ಮೂರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ, ಉಣ್ಣೆ ಹತ್ತದಂತೆ ಔಷಧಿ. ಉಣ್ಣೆಯನ್ನು ಹಗುರವಾಗಿ ನೋಡಬೇಡಿ, ಅದರಿಂದ ಬರುವ ಜ್ವರ ಜೀವ ತೆಗೆಯಬಹುದು. ಖಾಸಗಿ ಕ್ಲಿನಿಕ್ ದುಬಾರಿ ಅನಿಸಿದರೆ ರಾಜೇಂದ್ರನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರವಿದೆ, ನಾರಾಯಣಗುಡದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಮನೆಯಲ್ಲಿ ಮಾಂಸ ಬೇಯಿಸದವರು ಪೂರ್ಣಾಹಾರ ಎಂದು ಬರೆದಿರುವ ಒಣ ತಿಂಡಿಯ ಚೀಲ ತನ್ನಿ. ಬರೀ ಮೊಸರನ್ನ ಸಾಲದು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ.

ನಾಯಿ ಬಂತೆಂದು ಎರಡು ವಾರ ರಜೆ ಹಾಕಿ ದಿನವಿಡೀ ತಬ್ಬಿಕೊಂಡಿದ್ದು, ಮೂರನೇ ಸೋಮವಾರ ದಿಢೀರೆಂದು ಮಾಯವಾದರೆ ಅದು ಬಾಗಿಲು ಕೆರೆದು ರಂಪ ಮಾಡುತ್ತದೆ. ರಜೆ ಹಾಕಿ, ಆದರೆ ಮೊದಲ ದಿನದಿಂದಲೇ ಐದು ನಿಮಿಷ ಹೊರಗೆ ನಿಂತು ಬನ್ನಿ. ಆಮೇಲೆ ಹದಿನೈದು ನಿಮಿಷ, ಒಂದು ಗಂಟೆ, ಅರ್ಧ ದಿನ. ಹೋಗುವಾಗ ಬೀಳ್ಕೊಡುಗೆ ಬೇಡ, ಬಂದಾಗ ಗಲಾಟೆ ಬೇಡ. ಮನೆಯ ರೀತಿನೀತಿ ತಿಳಿಯಲು ಅದಕ್ಕೆ ಮೂರು ವಾರ ಬೇಕು, ಇದು ನನ್ನ ಮನೆ ಅನಿಸಲು ಮೂರು ತಿಂಗಳು.

ಹೊಸದಾಗಿ ಬಂದ ನಾಯಿ ಕೈತಪ್ಪಿಸಿಕೊಂಡು ಓಡುವ ಸಂಭವ ಹೆಚ್ಚು. ಬೋನಾಲು ಹಬ್ಬದ ತಮಟೆಗೋ ದೀಪಾವಳಿಯ ಪಟಾಕಿಗೋ ಹೆದರಿದರೆ ಗೇಟು ದಾಟಿಬಿಡುತ್ತದೆ. ಹೊಸ ನಾಯಿಗೆ ಮನೆಗೆ ವಾಪಸು ಬರುವ ದಾರಿ ಗೊತ್ತಿರುವುದಿಲ್ಲ. ಅದನ್ನು ಕರೆತರಲು ಹೋಗುವಾಗಲೇ ನಿಮ್ಮ ಫೋನ್ ನಂಬರ್ ಕೊರೆಸಿದ ಬಿಲ್ಲೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಆಶ್ರಯಧಾಮದ ಬಾಗಿಲು ದಾಟುವ ಮೊದಲೇ ಅದರ ಕೊರಳಪಟ್ಟಿಗೆ ಸಿಕ್ಕಿಸಿ.