‘ಅಕ್ಕ’ ಎಂಬ ಪದದ ವಿಚಾರ

ವಸತಿಗೃಹಕ್ಕೆ ಮೊದಲನೆಯ ದಿನ ಬಂದು ಅಳುತ್ತ ನಿಂತ ಬಾಲಕಿಗೆ ನಾವು ಹೇಳುವ ಮಾತು, ‘ಅಕ್ಕನ ಸಂಗಡ ಹೋಗಮ್ಮ’ ಎಂಬುದು. ಈ ಸಂಚಿಕೆಯನ್ನೋದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಹಾಗೆ ಒಬ್ಬ ಅಕ್ಕನ ಕೈಹಿಡಿದು ಒಳಗೆ ಬಂದವರು. ತರುವಾಯ ತಾವೇ ಅಕ್ಕಂದಿರಾದವರು. ಆದುದರಿಂದ ಈ ಎರಡಕ್ಷರದ ಪದದ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯುವುದು ಅನುಚಿತವಾಗದೆಂದು ಭಾವಿಸುತ್ತೇವೆ. ನಮ್ಮದೊಂದು ತಪ್ಪನ್ನು ತಿದ್ದಿಕೊಳ್ಳುವ ಉದ್ದೇಶವೂ ಇದರಲ್ಲಿ ಉಂಟು.

ಕನ್ನಡ, ತಮಿಳು, ತೆಲುಗು, ತುಳು ಈ ನಾಲ್ಕು ಭಾಷೆಗಳಲ್ಲಿಯೂ ‘ಅಕ್ಕ’ ಎಂದರೆ ಒಡಹುಟ್ಟಿದ ಹಿರಿಯಳು. ರಕ್ತಸಂಬಂಧವಿಲ್ಲದವಳನ್ನೂ ಗೌರವದಿಂದ ಹಾಗೆ ಕರೆಯುವುದುಂಟು. 12ನೆಯ ಶತಮಾನದ ಮಹಾದೇವಿಯು ಕನ್ನಡಿಗರೆಲ್ಲರಿಗೂ ಅಕ್ಕನಾದುದು ಹೀಗೆಯೇ. ಸಂಸ್ಕೃತದಲ್ಲಾದರೋ ‘ಅಕ್ಕಾ’ ಎಂದರೆ ತಾಯಿ. ಪಾಣಿನಿಯ ವ್ಯಾಖ್ಯಾನಕಾರರು ‘ಅಂಬಾ’ ಎಂಬುದರ ಸಂಗಡ ಇದನ್ನೂ ಮಾತೃವಾಚಕವಾಗಿ ಉದಾಹರಿಸಿದ್ದಾರೆ. ಇದು ದ್ರಾವಿಡ ಭಾಷೆಗಳಿಂದ ಅಲ್ಲಿಗೆ ಹೋದುದೆಂದು ಕೆಲವರು ಪಂಡಿತರ ಅಭಿಪ್ರಾಯ. ರೋಮನರ ಪುರಾಣದಲ್ಲಿ ರೋಮ್ಯುಲಸ್, ರೀಮಸ್ ಎಂಬ ಅವಳಿ ಶಿಶುಗಳನ್ನು ಸಾಕಿದ ಕುರುಬನ ಹೆಂಡತಿಯ ಹೆಸರು ಅಕ್ಕಾ ಲಾರೆಂಷಿಯಾ. ಫಿನ್ಲೆಂಡಿನವರ ನುಡಿಯಲ್ಲಿ ‘ಅಕ್ಕ’ ಎಂದರೆ ಮುದುಕಿ. ಈಗ ಅದರಲ್ಲಿ ತುಸು ತಾತ್ಸಾರವೂ ಸೇರಿದೆ.

ಸ್ವೀಡನ್ ದೇಶದ ಸೆಲ್ಮಾ ಲಾಗರ್‌ಲೋಫ್ ಎಂಬವರು ಮೊದಲು ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವರು. 1909ರಲ್ಲಿ ಸಾಹಿತ್ಯದ ನೊಬೆಲ್ ಬಹುಮಾನವನ್ನು ಪಡೆದ ಪ್ರಥಮ ಸ್ತ್ರೀ. ಶಾಲಾಮಕ್ಕಳಿಗಾಗಿ ಅವರು ಬರೆದು 1906ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಕಾಡು ಹೆಬ್ಬಾತುಗಳ ಹಿಂಡನ್ನು ನಡಿಸುವ ವೃದ್ಧ ಹಕ್ಕಿಯ ಹೆಸರೂ ‘ಅಕ್ಕಾ’. ಇದನ್ನೋದಿದ ನಮ್ಮ ಬಾಲಕಿಯೊಬ್ಬಳು ಓಡಿಬಂದು, ‘ಅಮ್ಮಾ, ಆ ದೇಶದವರೂ ಪೂರ್ವದಲ್ಲಿ ನಮ್ಮವರೇನು?’ ಎಂದು ಕೇಳಿದಳು.

ಹಾಗೆ ನಿಶ್ಚಯಿಸಲಾಗದು. ಎಳೆಗೂಸುಗಳ ಬಾಯಲ್ಲಿ ಮೊದಲು ಹೊರಡುವ ಸುಲಭವಾದ ಧ್ವನಿಗಳನ್ನು ಆಯಾ ಜನರು ಹತ್ತಿರದ ಬಂಧುಗಳಿಗೆ ಹೆಸರಾಗಿ ಕೊಡುವುದುಂಟು. ‘ಮಾಮ’ ಎಂದರೆ ನಮಗೆ ಸೋದರಮಾವ, ಇಂಗ್ಲಿಷರಿಗೆ ತಾಯಿ, ಜಾರ್ಜಿಯ ದೇಶದವರಿಗೆ ತಂದೆ! ಒಂದು ಪದದ ಹೋಲಿಕೆಯಿಂದ ಭಾಷೆಗಳ ನಂಟು ಸಿದ್ಧವಾಗುವುದಿಲ್ಲ. ಅನೇಕ ಪದಗಳು ಒಂದೇ ನಿಯಮದಿಂದ ಹೊಂದಬೇಕು. ತಮಿಳಿನ ‘ಪಾಲ್, ಪಲ್, ಪುಲಿ’ ಎಂಬವು ನಮ್ಮಲ್ಲಿ ‘ಹಾಲು, ಹಲ್ಲು, ಹುಲಿ’ ಎಂದಾಗಿರುವುದು ಇಂತಹ ಸಾಕ್ಷ್ಯ.

ಇಷ್ಟನ್ನು ಕೇಳಿದ ಆ ಬಾಲಕಿಯು ಸುಮ್ಮನಿರದೆ, ‘ಹಾಗಾದರೆ ಅಕ್ಕ ಎಂಬುದರಿಂದ ಅಕ್ಕರೆ ಎಂಬ ಪದ ಹುಟ್ಟಿತೆಂದು ತಾವು ತರಗತಿಯಲ್ಲಿ ಹೇಳಿದುದಕ್ಕೆ ಸಾಕ್ಷ್ಯವೇನು?’ ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ನಿಘಂಟುಗಳನ್ನು ತೆರೆದು ನೋಡಲಾಗಿ, ಪ್ರೀತಿಯೆಂಬ ಅರ್ಥದ ಆ ಪದದಲ್ಲಿ ಹಿಂದೆ ಇದ್ದುದು ಶಕಟರೇಫವೆಂದೂ, ಕಾಳಜಿಯೆಂಬ ಅರ್ಥದ ತಮಿಳಿನ ‘ಅಕ್ಕಱೈ’ ಅದರ ಬಂಧುವೆಂದೂ, ‘ಅಕ್ಕ’ನ ಮೂಲವೇ ಬೇರೆಯೆಂದೂ ತಿಳಿದುಬಂದಿತು. ಕೇಳಲು ಇಂಪಾಗಿತ್ತೆಂಬ ಒಂದೇ ಕಾರಣದಿಂದ ಎಷ್ಟೋ ವರುಷ ನಾವು ತಪ್ಪನ್ನು ಬೋಧಿಸಿದ್ದೆವು. ಮರುದಿನ ತರಗತಿಯಲ್ಲಿ ಅದನ್ನು ಒಪ್ಪಿಕೊಂಡು, ಕರಿಹಲಗೆಯ ಮೇಲೆ ಸರಿಯಾದುದನ್ನು ಬರೆದೆವು.

ನಮ್ಮಿಂದ ಆ ಪಾಠವನ್ನು ಕಲಿತು ಹೋದವರಿಗೆ ತಿಳಿಸಲು ಈ ಸಂಚಿಕೆಯ ಹೊರತು ಬೇರೆ ದಾರಿಯಿಲ್ಲ. ದಯವಿಟ್ಟು ತಿದ್ದಿಕೊಳ್ಳಿರಿ, ನಿಮ್ಮ ಮಕ್ಕಳಿಗೆ ಅದನ್ನು ಹೇಳಿಕೊಡಬೇಡಿರಿ. ಅಕ್ಕನೂ ಅಕ್ಕರೆಯೂ ಒಂದೇ ಬೇರಿನವಲ್ಲವಾದರೂ, ವಸತಿಗೃಹದ ಮೊದಲನೆಯ ರಾತ್ರಿ ಅವೆರಡೂ ಒಂದೇ ಕಡೆ ದೊರೆತುದನ್ನು ನೀವು ಮರೆತಿರಲಾರಿರಿ.